ಹಡಗು ನಿಂತಾಗ ಮರಳಿನ ಮೇಲೆ ಸುಮ್ಮನೆ ಕೂರಬಹುದೇ?

ವನಜಾ, ಡೊಂಬಿವಲಿ:
ಫೆಬ್ರವರಿಯಲ್ಲಿ ಮಗಳು ನಮ್ಮಿಬ್ಬರನ್ನೂ ಫ್ಲಾರಿಡಾದಿಂದ ಹೊರಡುವ ಕೆರಿಬಿಯನ್ ಕ್ರೂಸಿಗೆ ಕರೆದೊಯ್ಯುತ್ತಿದ್ದಾಳೆ. ಸಿಂಟ್ ಮಾರ್ಟೆನ್ ದ್ವೀಪದ ಫಿಲಿಪ್ಸ್‌ಬರ್ಗ್ ಪೇಟೆಯಲ್ಲಿ ಹಡಗು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. ಅಳಿಯನಿಗೆ ತಲೆಯ ಮೇಲೆಯೇ ವಿಮಾನ ಇಳಿಯುವ ಮಾಹೋ ಕಡಲತೀರ ನೋಡಬೇಕಂತೆ. ನನಗೆ ಮೊಣಕಾಲು ನೋವು. ವಿಮಾನ ನೋಡಲು ಘಾಟ್‌ಕೋಪರ್‌ನ ಅಕ್ಕನ ಮನೆಯ ತಾರಸಿಯೇ ಸಾಕು! ಬೆಳಿಗ್ಗೆ ಪೂರ್ತಿ ಒಂದು ಕಡೆ ಸುಮ್ಮನೆ ಕೂರಬೇಕು. ಬಂದರಿನ ಹತ್ತಿರ ಅಂಥ ಜಾಗವಿದೆಯೇ? ಸೀರೆಯಲ್ಲಿ ಹೋದರೆ ಎಲ್ಲರೂ ನೋಡುತ್ತಾರೆಯೇ?

ರಾಮಚಂದ್ರ, ಬೊರಿವಲಿ:
ಇದೆ ವನಜಕ್ಕ. ಪೇಟೆಯ ಎದುರಿಗೇ ಗ್ರೇಟ್ ಬೇ ಎಂಬ ಕಡಲತೀರ. ಹಡಗುಕಟ್ಟೆಯಿಂದ ನಡೆದೂ ಹೋಗಬಹುದು, ನಿಮ್ಮ ಕಾಲಿಗೆ ದೋಣಿಯೇ ವಾಸಿ. ನಾವು 2019ರಲ್ಲಿ ಹೋದಾಗ ಎರಡು ಕುರ್ಚಿ, ಒಂದು ಕೊಡೆಗೆ 20 ಡಾಲರ್ ಬಾಡಿಗೆ. ನನ್ನ ಹೆಂಡತಿ ರೂಪಾಯಿಯಲ್ಲಿ ಲೆಕ್ಕ ಹಾಕಿ, ಹಾಗಾದರೆ ಮಧ್ಯಾಹ್ನದವರೆಗೆ ಏಳುವುದಿಲ್ಲ ಎಂದಳು.

ನಾನು ಕುಮಟೆಯವನು. ಕಡಲ ಪಕ್ಕ ಕೂರುವ ಮೊದಲು ಭರತವೋ ಇಳಿತವೋ ಎಂದು ನೋಡುವುದು ಹುಟ್ಟಿನಿಂದ ಬಂದದ್ದು. ಕುರ್ಚಿಗಳನ್ನು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಎಳೆದುಕೊಂಡೆ. ಬಾಡಿಗೆಯ ಹುಡುಗ ನಕ್ಕು ಮತ್ತೆ ನೀರಿನಂಚಿಗೆ ತಂದಿಟ್ಟ. ಹನ್ನೊಂದಾದರೂ ನೀರು ಅಲ್ಲಿಯೇ ಇತ್ತು! ಆ ಕಡಲಿನಲ್ಲಿ ಏರಿಳಿತ ಸಾಮಾನ್ಯವಾಗಿ ಅರ್ಧ ಮೀಟರೂ ಇರುವುದಿಲ್ಲವಂತೆ. ನಮ್ಮ ಮುಂಬಯಿಯ ದೊಡ್ಡ ಭರತ 4.5 ಮೀಟರ್ ದಾಟುತ್ತದೆ. ಜುಹುವಿನಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಪೇಟೆಯ ಬೆನ್ನಿಗೆ ಗ್ರೇಟ್ ಸಾಲ್ಟ್ ಪಾಂಡ್ ಎಂಬ ಉಪ್ಪುನೀರಿನ ಕೆರೆಯಿದೆ. ಡಚ್ಚರನ್ನು ಆ ದ್ವೀಪಕ್ಕೆ ಎಳೆದದ್ದೇ ಉಪ್ಪು. ಸಾಣಿಕಟ್ಟಾದ ಉಪ್ಪಿನ ಆಗರ ನೋಡುತ್ತಾ ಬೆಳೆದ ನನಗೆ ಅದನ್ನೂ ನೋಡುವ ಆಸೆಯಿತ್ತು. ಕುರ್ಚಿ ಬಿಟ್ಟು ಏಳಲಾಗಲಿಲ್ಲ.

ಸೀರೆಯ ಚಿಂತೆ ಬೇಡ. ಇವಳು ಹತ್ತಿ ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಜಡೆ ಹೆಣೆಯುವ ಹೆಂಗಸೊಬ್ಬಳು ಬಂದು ಬಟ್ಟೆ ಎಷ್ಟು ಉದ್ದ ಎಂದು ಕೇಳಿದಳು, ಅಷ್ಟೇ.

ಸುಮಾ, ಪುಣೆ:
ಅಕ್ಕ, ಗಡಿಯಾರ ಜೋಪಾನ. ಫೆಬ್ರವರಿಯಲ್ಲಿ ದ್ವೀಪದ ಸಮಯ ಫ್ಲಾರಿಡಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಮೊಬೈಲ್ ತಾನಾಗಿ ಬದಲಾಗಬಹುದು, ಹಡಗು ತನ್ನ ಸಮಯದಲ್ಲೇ ಇರಬಹುದು. ಇಳಿಯುವಾಗಲೇ ಕೇಳಿಕೊಳ್ಳಿ. ಬೇರೆ ತೀರಕ್ಕೆ ಹೋದರೆ ನೆರಳು ಕಂಡಲ್ಲೆಲ್ಲ ಕೂರಬೇಡಿ. ಕೆರಿಬಿಯನ್ ತೀರಗಳಲ್ಲಿ ಮಾಂಚಿನೀಲ್ ಎಂಬ ವಿಷದ ಮರವಿದೆ. ಹಣ್ಣು ಪುಟ್ಟ ಹಸಿರು ಸೇಬಿನಂತಿರುತ್ತದೆ. ಮಳೆಯಲ್ಲಿ ಅದರ ಕೆಳಗೆ ನಿಂತರೂ ಹಾಲು ತೊಟ್ಟಿಕ್ಕಿ ಮೈ ಬೊಬ್ಬೆ ಏಳುತ್ತದೆ.

ವನಜಾ, ಡೊಂಬಿವಲಿ:
ಮರದ ವಿಷಯ ಅಳಿಯನಿಗೂ ಹೇಳಿದೆ. ರಾಮಚಂದ್ರಣ್ಣ, ಕುರ್ಚಿಯಲ್ಲಿ ಕೂತು ತಿನ್ನಲು ಮನೆಯ ಚಕ್ಕುಲಿ ಒಯ್ಯಬಹುದೇ?

ರಾಮಚಂದ್ರ, ಬೊರಿವಲಿ:
ಅಂಗಡಿಯ ಒಡೆಯದ ಪೊಟ್ಟಣವನ್ನು ನಮಗೆ ಇಳಿಸಲು ಬಿಟ್ಟರು. ಡಬ್ಬಿಯ ಚಕ್ಕುಲಿ ಹಡಗಿನಲ್ಲೇ ಉಳಿಯಿತು. ಅದನ್ನು ಸಂಜೆ ಕೋಣೆಯಲ್ಲಿ ಕೂತು ಮುಗಿಸಿದೆವು.