ಮರದ ಬಾಲ್ಕನಿಯಲ್ಲಿ ಗ್ರಿಲ್ ಹಚ್ಚಬಹುದೇ?

ಪ್ರಶ್ನೆ: ನಮಸ್ಕಾರ ಸರ್. ಟೆಕ್ಸಾಸ್‌ನ ಡಲ್ಲಾಸ್ ಸಮೀಪದ ಅಪಾರ್ಟ್‌ಮೆಂಟೊಂದರ ಮೇಲ್ಮಹಡಿಯಲ್ಲಿ ನಾವು ಬಾಡಿಗೆಗಿದ್ದೇವೆ. ಬಾಲ್ಕನಿ ಮರದ್ದು. 20 ಪೌಂಡಿನ ಪ್ರೊಪೇನ್ ಅನಿಲದ ಸಿಲಿಂಡರ್ ಜೋಡಿಸುವ ಗ್ರಿಲ್ (ಮಾಂಸ, ತರಕಾರಿ ಸುಡುವ ಒಲೆ) ತಂದಾಗ ಮ್ಯಾನೇಜರ್ ಬೇಡವೆಂದರು. ಮನೆಯೊಳಗೆ ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರುವುದರಿಂದ ಅಡ್ಡಿಯಿಲ್ಲವೆಂದು ಸ್ನೇಹಿತರು ಹೇಳುತ್ತಾರೆ. ಯಾರ ಮಾತು ಸರಿ?

ಅಗ್ನಿ ಸುರಕ್ಷತಾ ಪರಿಶೀಲಕರ ಉತ್ತರ: ಮ್ಯಾನೇಜರ್ ಮಾತೇ ಸರಿ. ಅಮೆರಿಕದ ಬಹಳಷ್ಟು ನಗರಗಳು ತಮ್ಮದೇ ತಿದ್ದುಪಡಿಗಳೊಂದಿಗೆ ಪಾಲಿಸುವ ಇಂಟರ್‌ನ್ಯಾಷನಲ್ ಫೈರ್ ಕೋಡ್ ಎಂಬ ಅಗ್ನಿ ಸುರಕ್ಷತಾ ನಿಯಮಾವಳಿಯ 308.1.4ನೆಯ ವಿಧಿಯ ಪ್ರಕಾರ, ಇದ್ದಿಲಿನ ಒಲೆಯನ್ನಾಗಲಿ ತೆರೆದ ಜ್ವಾಲೆಯ ಬೇರೆ ಅಡುಗೆ ಸಾಧನವನ್ನಾಗಲಿ ಬೆಂಕಿ ತಗಲಬಲ್ಲ ಬಾಲ್ಕನಿಯ ಮೇಲೆ, ಅಥವಾ ಅಂಥ ನಿರ್ಮಾಣದಿಂದ 10 ಅಡಿಯೊಳಗೆ, ಬಳಸುವಂತಿಲ್ಲ. ಸ್ಪ್ರಿಂಕ್ಲರ್ ಇದ್ದರೆ ವಿನಾಯಿತಿ ಇರುವುದು ನಿಜ. ಆದರೆ ಕಟ್ಟಡದ ಜೊತೆಗೆ ಬಾಲ್ಕನಿಗೂ ಆ ರಕ್ಷಣೆ ಇರಬೇಕೆಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬಾಲ್ಕನಿಯ ಚಾವಣಿಯಲ್ಲಿ ಅಥವಾ ಗೋಡೆಯಲ್ಲಿ ಸ್ಪ್ರಿಂಕ್ಲರ್ ಕಾಣದಿದ್ದರೆ ನಿಮ್ಮ ಸ್ನೇಹಿತರ ವಾದ ಅಲ್ಲಿಗೇ ಮುಗಿಯಿತು. 1 ಪೌಂಡಿನ ಪುಟ್ಟ ಸಿಲಿಂಡರಿನ ಗ್ರಿಲ್‌ಗೂ ಈ ವಿಧಿಯಲ್ಲಿ ವಿನಾಯಿತಿ ಉಂಟು, ಆದರೆ ನಗರದ ತಿದ್ದುಪಡಿ ಅಥವಾ ನಿಮ್ಮ ಬಾಡಿಗೆ ಕರಾರು ಅದನ್ನೂ ನಿಷೇಧಿಸಿರಬಹುದು. ವಿದ್ಯುತ್ ಗ್ರಿಲ್‌ಗೆ ತೆರೆದ ಜ್ವಾಲೆಯಿಲ್ಲವಾದ್ದರಿಂದ, ಅದಕ್ಕೆ ಮ್ಯಾನೇಜರ್ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯುವುದು ನಿಮಗಿರುವ ಸುಲಭದ ದಾರಿ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಸ್ವಂತ ಮನೆ, ಹಿತ್ತಿಲಿದೆ. ಮಳೆ ಬಂದರೆ ಗ್ಯಾರೇಜಿನ ಬಾಗಿಲು ತೆರೆದಿಟ್ಟು ಒಳಗೇ ಗ್ರಿಲ್ ಮಾಡಬಹುದೇ, ಸರ್?

ಉತ್ತರ: ದಯವಿಟ್ಟು ಮಾಡಬೇಡಿ. ಇದ್ದಿಲು ಕೆಂಡವಾಗಿ ಹೊಗೆ ನಿಂತ ಮೇಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಬರುತ್ತಲೇ ಇರುತ್ತದೆ; ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಬಾಗಿಲು ತೆರೆದಿದ್ದರೂ ಅದು ಮನೆಯೊಳಗೆ ಸೇರಬಹುದು. ಗ್ಯಾಸ್ ಗ್ರಿಲ್‌ಗೂ ಇದೇ ಮಾತು. ಒಂದು ಅಥವಾ ಎರಡು ಕುಟುಂಬಗಳ ಮನೆಗಳಿಗೆ ಮೇಲಿನ ವಿಧಿ ಅನ್ವಯಿಸದಿದ್ದರೂ ಆ 10 ಅಡಿಯ ಅಂತರವನ್ನು ನೀವೂ ಪಾಲಿಸಿ, ಏಕೆಂದರೆ ವಿನೈಲ್ ಎಂಬ ಪ್ಲಾಸ್ಟಿಕ್ ಹೊದಿಕೆಯ ಗೋಡೆ ಬರಿಯ ಶಾಖಕ್ಕೇ ಕರಗಿ ಸೊಟ್ಟಗಾಗುತ್ತದೆ.

ಗ್ಯಾಸ್ ಗ್ರಿಲ್ ಹಚ್ಚುವಾಗ ಮುಚ್ಚಳ ತೆರೆದೇ ಇರಬೇಕು. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಗ್ರಿಲ್‌ನೊಳಗೆ ಸಂಗ್ರಹವಾಗಿ, ಕಿಡಿ ತಗಲಿದೊಡನೆ ಒಮ್ಮೆಲೇ ಭಗ್ಗೆಂದು ಮುಖಕ್ಕೆ ಹಾರುತ್ತದೆ. ಹತ್ತದಿದ್ದರೆ ಗ್ಯಾಸ್ ನಿಲ್ಲಿಸಿ, ಕನಿಷ್ಠ 5 ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಋತುವಿನ ಮೊದಲ ಬಳಕೆಗೆ ಮುನ್ನ ಸಿಲಿಂಡರಿನ ಕವಾಟ ತೆರೆದು, ಪೈಪಿಗೂ ಜೋಡಣೆಗಳಿಗೂ ಸೋಪಿನ ನೀರು ಸವರಿ ನೋಡಿ; ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ ಇದೆ. ಕೊಬ್ಬು ಸುರಿದು ಬೆಂಕಿ ಭುಗಿಲೆದ್ದರೆ ನೀರು ಹಾಕಬೇಡಿ. ಕೈಗೆಟುಕುವಂತಿದ್ದರೆ ಬರ್ನರ್ ಆರಿಸಿ ಮುಚ್ಚಳ ಮುಚ್ಚಿ, ಇಲ್ಲವಾದರೆ ದೂರ ಸರಿದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಅದೇ ವ್ಯಕ್ತಿಯ ಪ್ರಶ್ನೆ: ಇದ್ದಿಲಿನ ಬೂದಿಯನ್ನು ಮರುದಿನ ಕಸದ ಡಬ್ಬಿಗೆ ಹಾಕಬಹುದೇ?

ಉತ್ತರ: ಮರುದಿನ ಬೇಡ. ಮೇಲೆ ತಣ್ಣಗಾದ ಬೂದಿಯ ಒಳಗೆ ಕೆಂಡ ಬಹಳ ಹೊತ್ತು ಉಳಿಯುತ್ತದೆ. ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ, ಮನೆಯಿಂದಲೂ ಮರದ ಡೆಕ್‌ನಿಂದಲೂ (ಹೊರಜಗಲಿ) ದೂರ ಎರಡು ದಿನ ಇಟ್ಟು, ನೀರು ಹಾಕಿ ಕದಡಿದ ಮೇಲೆಯೇ ಎಸೆಯಿರಿ.