‘ಓಕಿ’ಗೆ ಕನ್ನಡದಲ್ಲಿ ಏನನ್ನೋಣ? ಗುಳೆಯೋ, ಒಕ್ಕಲೋ?

ಎಲ್ಲರಿಗೂ ನಮಸ್ಕಾರ.

‘ಓಕಿ’ ಅನ್ನುವ ಒಂದು ಪದ ಮೂರು ದಿನದಿಂದ ತಲೆ ತಿನ್ನುತ್ತಿದೆ. ಅಮೆರಿಕದಲ್ಲಿ ಓಕ್ಲಹೋಮಾ ಕಡೆಯಿಂದ ಕೂಲಿಗೆ ಬಂದವರನ್ನು ಹಾಗೆ ಬೈಯುತ್ತಿದ್ದರು. ನಮ್ಮ ಓದುವ ಗುಂಪಿಗಾಗಿ ಜಾನ್ ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ ‘ದ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ಕೆಲವು ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕತೆ ಬಹಳ ಜನಕ್ಕೆ ಗೊತ್ತು. ಓಕ್ಲಹೋಮಾದ ಜೋಡ್ ಮನೆಯವರು ಪಾಲಿಗೆ ಮಾಡುತ್ತಿದ್ದ ಜಮೀನು ಕೈಬಿಟ್ಟು ಹೋಗುತ್ತದೆ. ಹಳೇ ಗಾಡಿಯೊಂದನ್ನು ಹತ್ತಿ, 66ನೇ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಕೂಲಿ ಹುಡುಕಿಕೊಂಡು ಹೊರಡುತ್ತಾರೆ.

ಇಂಥ ಹೊರಡುವಿಕೆಗೆ ಮೊದಲು ನೆನಪಾದ ಪದ ‘ಗುಳೆ’. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬರುವವರ ಬಗ್ಗೆ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಗಂಟುಮೂಟೆ, ಪಾತ್ರೆಪಗಡ, ಕಂಕುಳಲ್ಲಿ ಕೂಸು. ಚಿತ್ರ ಹೊಂದುತ್ತದೆ. ಆದರೆ ಗುಳೆ ಹೋದವರಿಗೆ ಊರಲ್ಲಿ ಒಂದು ಮನೆ ಇರುತ್ತದೆ, ಅದಕ್ಕೊಂದು ಬೀಗ ಇರುತ್ತದೆ. ಮಳೆ ಬಿದ್ದರೆ ವಾಪಸ್. ಜೋಡ್ ಮನೆಯವರಿಗೆ ಆ ಬೀಗವೇ ಇಲ್ಲ. ಆ ಮನೆಯ ಮಗ ಟಾಮ್ ಜೈಲಿನಿಂದ ಬಂದು ನೋಡಿದರೆ ಮನೆಯ ಒಂದು ಮೂಲೆ ಜಜ್ಜಿಹೋಗಿದೆ, ಗೋಡೆಯ ಬುಡದವರೆಗೂ ಹತ್ತಿ ಬೆಳೆದಿದೆ. ಅಜ್ಜ ಬರಲ್ಲ ಅಂತ ಹಟ ಹಿಡಿದಾಗ ಕಾಫಿಯಲ್ಲಿ ಔಷಧಿ ಬೆರೆಸಿ, ಮಂಪರಿನಲ್ಲೇ ಗಾಡಿಗೆ ಹತ್ತಿಸುತ್ತಾರೆ. ಇದಕ್ಕೆ ಗುಳೆ ಸಾಲದು ಅನಿಸುತ್ತದೆ. ‘ಗುಳೆ ಏಳು’ ಅಂದರೆ ಸ್ವಲ್ಪ ಬೇರೆ, ಅದರಲ್ಲಿ ಊರಿಗೆ ಊರೇ ಖಾಲಿಯಾದ ಸದ್ದಿದೆ. ಈಗ ಬರೀ ‘ಗುಳೆ ಹೋದರು’ ಅನ್ನುವುದೇ ಜಾಸ್ತಿ.

ಆಮೇಲೆ ಹೊಳೆದದ್ದು ‘ಒಕ್ಕಲೆಬ್ಬಿಸು’. ಎಂಥ ಪದ ನೋಡಿ! ಒಕ್ಕಲು ಅಂದರೆ ವಾಸ, ಬೇಸಾಯ, ಗೇಣಿಗೆ ಮಾಡುವ ಮನೆತನ, ಎಲ್ಲವೂ. ಕರಾವಳಿಯಲ್ಲಿ ಹೊಸ ಮನೆಗೆ ಹೋಗುವುದೂ ‘ಮನೆ ಒಕ್ಕಲು’. ನಮ್ಮಜ್ಜಿ ಸಾಗರದ ಕಡೆಯವರು. ‘ಅವರು ನಮ್ಮ ಒಕ್ಕಲು’ ಅನ್ನುತ್ತಿದ್ದರು. ಆ ‘ನಮ್ಮ’ದಲ್ಲಿ ಅಕ್ಕರೆ ಎಷ್ಟಿತ್ತು, ಒಡೆತನ ಎಷ್ಟಿತ್ತು ಅಂತ ಈಗ ಯೋಚಿಸುತ್ತೇನೆ. ಅದೇ ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು. ಒಕ್ಕಲನ್ನು ಎಬ್ಬಿಸಿದರೆ ಮನೆ, ಉಳುಮೆ ಎರಡೂ ಒಂದೇ ಸಲ ಏಳುತ್ತವೆ. ಡೊರೊಥಿಯಾ ಲ್ಯಾಂಗ್ 1938ರಲ್ಲಿ ಟೆಕ್ಸಾಸ್‌ನಲ್ಲಿ ತೆಗೆದ ಒಂದು ಫೋಟೋ ಇದೆ. ಪಾಳುಬಿದ್ದ ಮನೆ, ಅದರ ಹತ್ತಿರದವರೆಗೂ ನೇಗಿಲ ಸಾಲು. ಹೆಸರು ‘ಟ್ರ್ಯಾಕ್ಟರ್ಡ್ ಔಟ್’. ‘ಟ್ರ್ಯಾಕ್ಟರ್ ಹರಿಸಿ ಒಕ್ಕಲೆಬ್ಬಿಸಿದ್ದು’ ಅಂದರೆ ಉದ್ದವಾಯಿತು, ಆದರೂ ನನಗೆ ಸರಿ ಅನಿಸಿದೆ. ‘ಎತ್ತಂಗಡಿ’ ಬೇಡ, ಅದು ಆಫೀಸರುಗಳಿಗೆ.

ನಿಜವಾದ ತೊಡಕು ‘ಓಕಿ’. ಕ್ಯಾಲಿಫೋರ್ನಿಯಾ ಗಡಿಯ ನೀಡಲ್ಸ್ ಊರಿನ ಹತ್ತಿರ ನದಿಯಲ್ಲಿ ಮೀಯುತ್ತಿದ್ದಾಗ, ಕ್ಯಾಲಿಫೋರ್ನಿಯಾದಿಂದ ಸೋತು ಹಿಂತಿರುಗುತ್ತಿದ್ದವನೊಬ್ಬ ಟಾಮ್‌ಗೆ ಇದರ ಅರ್ಥ ಹೇಳುತ್ತಾನೆ. ಮೊದಲು ಓಕ್ಲಹೋಮಾದವನು ಅಂತಿತ್ತಂತೆ, ಈಗ ಬೈಗುಳವಂತೆ. ‘ವಲಸಿಗ’ ಅಂದರೆ ವರದಿಯ ಭಾಷೆ, ‘ನಿರಾಶ್ರಿತ’ ಅಂದರೆ ಸರ್ಕಾರಿ ಕಾಗದ. ‘ಅಲೆಮಾರಿ’ ಅನ್ನಲು ಮನಸ್ಸು ಬರಲಿಲ್ಲ. ಅದನ್ನು ಬೈಗುಳ ಮಾಡಿದರೆ ನಮ್ಮಲ್ಲೇ ಇರುವ ಸಮುದಾಯಗಳಿಗೆ ತಗಲುತ್ತದೆ. ಸುಮ್ನೆ ‘ಓಕಿ’ ಅಂತಲೇ ಬಿಡೋಣವೇ? ಕನ್ನಡದ ಕಿವಿಗೆ ‘ಓಕರಿಕೆ’ ಪಕ್ಕದಲ್ಲೇ ಕೂತಂತೆ ಕೇಳುತ್ತದೆ. ಬೈದವರ ಮುಖಭಾವವೂ ಅದೇ ಅಲ್ವಾ! ಇನ್ನೊಂದು ಕಡೆ ‘ಒಕ್ಕಲು’ ಕೂಡ ಕೇಳುತ್ತದೆ. ಬರೀ ಸದ್ದಿನ ಹೋಲಿಕೆ ಅಷ್ಟೆ, ನಂಟು ಏನೂ ಇಲ್ಲ. ಆದರೂ ಬಿಡಲು ಮನಸ್ಸಿಲ್ಲ.

ಇನ್ನೊಂದು ಸಣ್ಣದು. ಕಾದಂಬರಿಯಲ್ಲಿ ಕೂಲಿಗೆ ಕರೆಯುವ ಹ್ಯಾಂಡ್‌ಬಿಲ್ ಇದೆಯಲ್ಲ. ಬೇಕಾದವರು 800, ಅಚ್ಚು ಹಾಕಿಸುವುದು 5000, ಕೂಲಿ ತಾನಾಗೇ ಇಳಿಯುತ್ತದೆ. ‘ಕರಪತ್ರ’ ಅಂದರೆ ಚಳವಳಿಯವರು ಹಂಚಿದ ಹಾಗಾಯಿತು. ‘ನೋಟೀಸು’ ಅಂತ ಹಾಕಿದ್ದೇನೆ, ಟೆಂಟ್ ಸಿನಿಮಾದವರು ಹಂಚುತ್ತಿದ್ದರಲ್ಲ, ಹಾಗೆ.

ಈಗ ನನ್ನ ಪ್ರಶ್ನೆ. ಒಕ್ಕಲೆಬ್ಬಿಸಿದ ಮೇಲೆ ಆ ಮನೆಯವರನ್ನು ಏನಂತ ಕರೆಯುತ್ತಿದ್ದರು? ‘ಒಕ್ಕಲೆದ್ದವರು’ ಅಂತ ಯಾರಾದರೂ ಕೇಳಿದ್ದೀರಾ, ಅಥವಾ ಅದು ನನ್ನ ಕಟ್ಟುಪದವೇ? ಚಾಲಗೇಣಿಯ (ಒಡೆಯ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿ) ಕಾಲ ಕಂಡ ಕರಾವಳಿಯವರು, ಕೋರಿಗೆ (ಪಾಲಿಗೆ), ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡಿದ ಉತ್ತರದ ಕಡೆಯವರು ಮನೆಯ ಹಿರಿಯರನ್ನು ಒಂದು ಮಾತು ಕೇಳಿ ಬರೆಯಿರಿ. ಬೈಗುಳ ಇದ್ದರೂ ಪರವಾಗಿಲ್ಲ, ನನಗೆ ಬೇಕಾದದ್ದು ಅದೇ.