ಅಪ್‌ಡೇಟ್: ಕಿಟೆಲ್ ಅವರ ‘ಫರ್ಡಿನಾಂಡ್’ ಎಲ್ಲಿಂದ ಬಂತು?

1894ರ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಅವರ ಹೆಸರಿನ ಬಾಲದಲ್ಲಿರುವುದು ನಮ್ಮ ‘ನಂದ’ವೇ ಎಂದು ಕೇಳಿದ್ದೆ. ಅಲ್ಲ. ಅದು ಗಾಥಿಕ್ (ಗಾಥ್ ಜನರ ಹಳೆಯ ಜರ್ಮ್ಯಾನಿಕ್ ಭಾಷೆ) ಮೂಲದ ‘ನಂಥ್’, ಅಂದರೆ ಎದೆಗಾರಿಕೆ. ತಕರಾರಿರುವುದು ಮೊದಲ ತುಂಡಿನ ಬಗ್ಗೆ: ಕೆಲವರು ‘ಫ್ರಿಥು’, ಶಾಂತಿ ಎನ್ನುತ್ತಾರೆ, ಕೆಲವರು ‘ಫರ್ದಿ’, ಪಯಣ. ಕೂಡಿಸಿ ‘ಧೀರ ಪಯಣಿಗ’ ಎಂದು ವಿಗ್ರಹವಾಕ್ಯ ಮಾಡಲು ಹೋಗಬೇಡಿ. ಹಳೆಯ ಜರ್ಮ್ಯಾನಿಕ್ ಹೆಸರುಗಳನ್ನು ಜೋಡಿಸುವಾಗ ಒಟ್ಟರ್ಥವನ್ನು ಅಷ್ಟಾಗಿ ನೋಡುತ್ತಿರಲಿಲ್ಲ.

ಮಜಾ ಇರುವುದು ಈ ಹೆಸರು ಬಂದ ದಾರಿಯಲ್ಲಿ. ಗಾಥರ ಒಂದು ಕವಲಾದ ವಿಸಿಗಾಥರ ಜೊತೆ ಸ್ಪೇನ್ ಸೇರಿ ಫೆರ್ನಾಂಡೊ ಆಯಿತು, ಹೆರ್ನಾಂಡೊನೂ ಆಯಿತು (ನಮ್ಮಲ್ಲಿ ‘ಪಾಲು’ ‘ಹಾಲು’ ಆದಂತೆ ಅಲ್ಲಿ ಫಕಾರ ಹಕಾರವಾಯಿತು, ಈಗ ಆ ಹಕಾರವನ್ನೂ ಉಚ್ಚರಿಸುವುದಿಲ್ಲ). 1503ರಲ್ಲಿ ಸ್ಪೇನಿನಲ್ಲೇ ಹುಟ್ಟಿದ, ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ರಾಜವಂಶದ ಕುಮಾರನಿಗೆ ತಾಯಿಯ ತಂದೆ ಫೆರ್ನಾಂಡೊನ ಹೆಸರಿಟ್ಟರು. ಆತ ಮುಂದೆ ಪವಿತ್ರ ರೋಮನ್ ಚಕ್ರವರ್ತಿ ಒಂದನೇ ಫರ್ಡಿನಾಂಡ್ ಆದ; ಹೆಸರು ಜರ್ಮನ್ ನಾಡುಗಳಲ್ಲಿ ಹಬ್ಬಿದ್ದು ಅವನಿಂದಲೇ.